ಸಂಕಲ್ಪದ ಸಾಲು

ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಯಾವ ದೇವಸ್ಥಾನಕ್ಕೆ ವೆಬ್‌ಸೈಟ್ ಬೇಕಾದರೂ ಜನ ರವೀಶನನ್ನೇ ಹುಡುಕುತ್ತಾರೆ, ಏನು ಕೇಳಿದರೂ ಅವನದು ಒಂದೇ ಮಾತು, “ತಾನಾಗೇ ಆಯ್ತದೆ ಬುಡಿ ಸಾ.” ಬಸ್ಸು ಕೆಟ್ಟು ನಿಂತರೂ, ಮದುವೆಮನೆಯಲ್ಲಿ ಸಾರು ಮುಗಿದರೂ ಅದೇ. ಅವನ ವೆಬ್‌ಸೈಟಿನಲ್ಲಿ ಭಕ್ತರು ತಮ್ಮ ಹೆಸರು, ನಕ್ಷತ್ರ, ಹೆಂಗಸರಾದರೆ ಗಂಡನ ಹೆಸರು ತುಂಬಿದರೆ ಸಾಕು, ಎಲ್ಲವನ್ನೂ ಪೋಣಿಸಿದ ಸಂಕಲ್ಪದ ಸಾಲು ಅರ್ಚಕರ ಟ್ಯಾಬಿನಲ್ಲಿ ಮೂಡುತ್ತದೆ. ಹೆಸರಿನ ಪುಟದಲ್ಲಿ ತಿದ್ದಿ ಸೇವ್ ಒತ್ತಿದರೆ ಸಾಲೂ ಬದಲಾಗುತ್ತದೆ. “ಡೇಟಾಬೇಸಿಗೆ ನೇರ ಕೈ ಆಕ್ಬ್ಯಾಡ್ರಲಾ, ಸಾಲು ಅಳೇದೇ ಉಳ್ಕತದೆ” ಎಂದು ಜೊತೆಗಾರರನ್ನು ಗದರುವವನೂ ಅವನೇ. ಆದರೆ ಭಾವ ಲೋಕೇಶ ತೀರಿಕೊಂಡಾಗ ಅಕ್ಕ ನೇತ್ರಾವತಿಯ ಪುಟ ತೆರೆಯಲು ಅವನಿಗೆ ಧೈರ್ಯ ಬರಲಿಲ್ಲ. ಅಲ್ಲಿ ಗಂಡಹೆಂಡತಿ ಇಬ್ಬರೂ ನಗುತ್ತಿದ್ದ ಫೋಟೋ ಇತ್ತು. ಪುಟ ತೆರೆಯದೆ, ಎಲ್ಲರ ವಿವರ ಕೂಡಿಟ್ಟ ಡೇಟಾಬೇಸಿನಲ್ಲೇ ನೇರವಾಗಿ ಭಾವನ ಹೆಸರು ಅಳಿಸಿ ಎದ್ದುಬಿಟ್ಟ. ಈ ಶ್ರಾವಣದಲ್ಲಿ ರವೀಶನ ಜೊತೆ ದೇವಸ್ಥಾನಕ್ಕೆ ಬಂದ ಅಕ್ಕ ಪೂಜೆಗೆ ಕೈಮುಗಿದು ನಿಂತಾಗ, ಹೊಸದಾಗಿ ಬಂದಿದ್ದ ಅರ್ಚಕರು ಟ್ಯಾಬ್ ನೋಡಿ, “ಸೌಭಾಗ್ಯವತಿ ನೇತ್ರಾವತಿ, ಪತಿ ಲೋಕೇಶನ ದೀರ್ಘಾಯುಷ್ಯಕ್ಕಾಗಿ” ಎಂದು ಗಟ್ಟಿಯಾಗಿ ಓದಿಬಿಟ್ಟರು. ಹಿಂದೆ ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರವೀಶ ಕಂಬದ ಮರೆಗೆ ಸರಿದು, ನೆಲ ನೋಡುತ್ತ ನಿಂತ. ಅಕ್ಕ ತೀರ್ಥ ತೆಗೆದುಕೊಂಡು ನೇರ ಅವನ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ ಅಂದಳು: “ನಾನೇ ತಪ್ಪಾಗಿ ಬರ್ಸಿದ್ದೆ ಅಂತ ಅಯ್ನೋರ್ಗೆ ಏಳಿದೀನಿ. ನೀನು ಬಾಯ್ಬುಡಬ್ಯಾಡ ಕಣ್ಲಾ.”