ಒಂಬತ್ತನೇ ಪ್ರಶ್ನೆಗೂ ಐದು

ದೇವರ ಮನೆಯ ದೀಪಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆ. ಗುರುವಾರವೇ ತಿಕ್ಕಿಟ್ಟರೆ ಶುಕ್ರವಾರ ಬೆಳಿಗ್ಗೆ ಗಡಿಬಿಡಿ ಇರುವುದಿಲ್ಲ. ಅಷ್ಟರಲ್ಲಿ ಫೋನು ಬಂತು. ಕೈಯೆಲ್ಲ ಹುಳಿಯಾಗಿತ್ತು. ಮಗಳನ್ನು ಕರೆದು ಸ್ಪೀಕರ್ ಹಾಕಿಸಿದೆ. ಲಾಸ್ ಏಂಜಲೀಸ್‌ನಿಂದ, ನಮ್ಮ ಶನಿವಾರದ ತರಗತಿ ನೋಡಲು ಬರುತ್ತಿದ್ದ ಹುಡುಗಿ ಮಾತಾಡುತ್ತಿದ್ದಳು.

ನಮ್ಮೂರಿನ ಮೀರಾ ಮೆಸಾ ಬಡಾವಣೆಯಲ್ಲಿ ಶನಿವಾರ ಶನಿವಾರ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುವ ಒಂದು ತರಗತಿ ಇದೆ. ಅದನ್ನು ನಡೆಸುವ ಟ್ರಸ್ಟ್‌ನವರು, ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ಮೌಲ್ಯಮಾಪನ ಮಾಡಲು ಈ ಹುಡುಗಿಯನ್ನು ನೇಮಿಸಿದ್ದರು. ಕನ್ನಡದವರ ಮಗಳೇ. ಒಂದು ಟರ್ಮ್ ಪೂರ್ತಿ ಅಷ್ಟು ದೂರದಿಂದ ಕಾರು ಓಡಿಸಿಕೊಂಡು ಬಂದು, ಹಿಂದಿನ ಸಾಲಿನಲ್ಲಿ ಕೂತು, ಸುಮ್ಮನೆ ಬರೆದುಕೊಂಡು ಹೋಗುತ್ತಿದ್ದಳು.

"ಆಂಟಿ, ಸಾರಿ. ಪೇರೆಂಟ್ಸ್ ಫಾರಂ ಯಾವುದೂ ಯೂಸ್ ಮಾಡಕ್ಕಾಗಲ್ಲ."

"ಯಾಕಮ್ಮ? ಎಲ್ಲಾ ತುಂಬಿದೀವಲ್ಲ?"

"ತುಂಬಿದೀರ. ಎಲ್ಲಾದಕ್ಕೂ ಐದು. ಎಲ್ಲರೂ."

"ಚೆನ್ನಾಗಿದ್ರೆ ಐದು ಹಾಕದೆ ಇನ್ನೇನು ಹಾಕೋದು?"

"ಒಂಬತ್ತನೇ ಪ್ರಶ್ನೆ ಓದಿದ್ರಾ ಆಂಟಿ?"

ಓದಿರಲಿಲ್ಲ. ಅವಳೇ ಓದಿ ಹೇಳಿದಳು. 'ಈ ತರಗತಿಗೆ ಸೇರಿದ ಮೇಲೆ ನಮ್ಮ ಮಗುವಿಗೆ ಗಣಿತ ಕಂಡರೆ ಭಯ ಹೆಚ್ಚಾಗಿದೆ.' ಅದಕ್ಕೂ ನಾವೆಲ್ಲ ಐದು ಹಾಕಿದ್ದೆವು. ಪೂರ್ತಿ ಒಪ್ಪುತ್ತೇವೆ ಅಂತ.

ತಪ್ಪು ನನ್ನದೇ. ಫಾರಂ ಹಂಚುವ ಕೆಲಸವನ್ನು ನನಗೆ ಒಪ್ಪಿಸಿದ್ದರು. ಹಂಚುವಾಗ, "ವಿದ್ಯೆ ಹೇಳಿಕೊಡೋರಿಗೆ ನಾವು ಮಾರ್ಕ್ಸ್ ಹಾಕೋದಾ? ಕಣ್ಣು ಮುಚ್ಚಿ ಐದು ಹಾಕಿ" ಎಂದು ಎಲ್ಲರಿಗೂ ಹೇಳಿದವಳು ನಾನು. ಪಾಠ ಹೇಳುವವರು ಮೈಸೂರಿನ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿ ನಿವೃತ್ತರಾದ ಮೇಷ್ಟ್ರು. ಗುರುಪೂರ್ಣಿಮೆಯ ದಿನ ನಾವು ಹಣ್ಣು ಕೊಟ್ಟು ಕಾಲಿಗೆ ಬೀಳುವ ಮನುಷ್ಯ. ಅಂಥವರಿಗೆ ನಾಲ್ಕು ಹಾಕುವುದು ಪಾಪ ಎಂದೇ ನಾನು ನಂಬಿದ್ದೆ.

"ಶನಿವಾರ ಹೊಸ ಫಾರಂ ತರ್ತೀನಿ. ನಿಜ ಬರೀಬೇಕು ಆಂಟಿ. ಇಲ್ಲಾಂದ್ರೆ ಪೇರೆಂಟ್ಸ್ ಕಡೆಯಿಂದ ಏನೂ ಇಲ್ಲ ಅಂತಲೇ ರಿಪೋರ್ಟ್ ಹೋಗುತ್ತೆ. ಆಮೇಲೆ ಅವರು ಕ್ಲಾಸ್ ನಿಲ್ಲಿಸಿದ್ರೂ ನಾನೇನೂ ಮಾಡಕ್ಕಾಗಲ್ಲ."

ನಿಲ್ಲಿಸಿದರೆ ನನ್ನ ಮಗಳ ಗತಿ ಏನು ಎಂಬುದೊಂದೇ ತಲೆಯಲ್ಲಿ ಸುತ್ತಿತು. ಕೋವಿಡ್ ಕಾಲದಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಭಿನ್ನರಾಶಿ ಕಲಿತ ಮಗು ಅದು. ಕಲಿತಳು ಎನ್ನುವುದು ಮಾತಿಗೆ. ಕ್ಯಾಮೆರಾ ಆಫ್ ಮಾಡಿಕೊಂಡು ಅಳುತ್ತಿದ್ದಳು. ಶಾಲೆ ತೆರೆದ ಮೇಲೂ ಗಣಿತದ ಪೀರಿಯಡ್‌ನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಬಾಯಿ ಬಿಟ್ಟಿದ್ದು ಈ ಶನಿವಾರಗಳು ಶುರುವಾದ ಮೇಲೆ.

ಶುಕ್ರವಾರ ಪೂಜೆ ಮುಗಿಸಿ ಕೂತು ಒಬ್ಬೊಬ್ಬರಿಗೇ ಫೋನು ಮಾಡಿದೆ. ಹೇಳಿದ್ದನ್ನೇ ಹೇಳಿ ಗಂಟಲು ಒಣಗಿತು.

"ಏನ್ರೀ, ಐದು ಹಾಕಿ ಅಂದೋರು ನೀವೇ, ಬೇಡ ಅನ್ನೋರೂ ನೀವೇ. ನಾಳೆ ಇನ್ನೇನು ಅಂತೀರೋ!" ಎಂದರು ಪಕ್ಕದ ಬೀದಿಯವರು. ಅಂದಿದ್ದು ಸರಿಯಾಗೇ ಇತ್ತು, ಒಪ್ಪಿಕೊಂಡು ಮುಂದಿನ ನಂಬರು ಒತ್ತಿದೆ.

ಆಚೆ ಬಡಾವಣೆ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿರುವ ಧಾರವಾಡದಾಕೆ ನಕ್ಕುಬಿಟ್ಟಳು. "ಅಕ್ಕಾರ, ನಾ ಏನ್ ಬರೀಲಿ? ಮಗನ್ನ ಅಲ್ಲಿ ಇಳಿಸಿ ಇಡ್ಲಿ ರವಾ ತರಾಕ ಹೋಗ್ತೀನಿ. ಒಳಗ ಏನ್ ನಡೀತದೋ ಆ ದೇವರಿಗೇ ಗೊತ್ತು."

"ಗೊತ್ತಿಲ್ಲ ಅಂತಲೇ ಬರೀಮ್ಮ. ಅದೂ ನಿಜ ತಾನೇ?"

ಅವಳಿಗೆ ಹೇಳಿ ಫೋನಿಟ್ಟ ಮೇಲೆ, ನನಗಾದರೂ ಏನು ಗೊತ್ತು ಎನಿಸಿತು. ಎರಡು ವರ್ಷ ಆ ಕ್ಲಾಸಿನ ಹೊರಗಿನ ಬೆಂಚಿನ ಮೇಲೆ ಕೂತು ಲಲಿತಾ ಸಹಸ್ರನಾಮ ಹೇಳಿಕೊಂಡಿದ್ದೇನೆ, ಅಷ್ಟೇ. ಒಳಗೆ ಒಂದು ದಿನವೂ ಇಣುಕಿರಲಿಲ್ಲ.

ಶನಿವಾರ ಕಾರಿನಲ್ಲಿ ಮಗಳನ್ನು ಕೇಳಿದೆ. "ನಿಜ ಹೇಳು ಪುಟ್ಟಿ, ಕ್ಲಾಸ್ ಹೇಗಿದೆ?"

"ಹೀ ಗೋಸ್ ಟೂ ಫಾಸ್ಟ್, ಅಮ್ಮ." ಕಿಟಕಿಯಾಚೆ ನೋಡುತ್ತಲೇ ಸೇರಿಸಿದಳು, "ಬಟ್ ಹೀ ಸ್ಟಾಪ್ಸ್ ಇಫ್ ಐ ಆಸ್ಕ್."

"ನೀನು ಕೇಳ್ತೀಯಾ?"

"ನೌ ಐ ಡೂ."

ಫಾರಂ ಕೈಗೆ ಬಂದಾಗ ಒಂದೊಂದು ಪ್ರಶ್ನೆಯನ್ನೂ ಎರಡೆರಡು ಸಲ ಓದಿದೆ. ಪಾಠದ ವೇಗಕ್ಕೆ ಎರಡು ಹಾಕಿ, ಪೆನ್ನು ಕೆಳಗಿಟ್ಟು ಗಲ್ಲ ಗಲ್ಲ ಬಡಿದುಕೊಂಡೆ. ಒಂಬತ್ತನೆಯದಕ್ಕೆ ಒಂದು ಹಾಕಿ, ಕೆಳಗಿನ ಖಾಲಿ ಜಾಗದಲ್ಲಿ ಮಗಳು ಕಾರಿನಲ್ಲಿ ಆಡಿದ ಮಾತನ್ನು ಹಾಗೇ ಬರೆದೆ. ಆದರೂ ಮನಸ್ಸು ತಡೆಯಲಿಲ್ಲ. ಮೇಷ್ಟ್ರ ಹತ್ತಿರ ಹೋಗಿ ನಿಂತೆ.

"ಮೇಷ್ಟ್ರೇ, ಕ್ಷಮಿಸಬೇಕು. ನಿಮಗೆ ಒಂದು ಕಡೆ ಎರಡು ಹಾಕಿಬಿಟ್ಟಿದೀನಿ."

"ಯಾವುದಕ್ಕಮ್ಮ?"

"ತುಂಬ ಬೇಗ ಬೇಗ ಹೇಳಿಬಿಡ್ತೀರ ಅಂತ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮನೆಯೋರು ಇದ್ದಿದ್ರೆ ಸೊನ್ನೆ ಹಾಕಿರೋರು. ಎರಡು ದೊಡ್ಡದೇ ಬಿಡಿ."

ಒಂದು ತಿಂಗಳ ಮೇಲೆ ಟ್ರಸ್ಟ್‌ನವರ ಸಂದೇಶ ಬಂತು. ಸಿಂಕ್ ತುಂಬ ಪಾತ್ರೆಗಳಿದ್ದವು. ಮಗಳೇ ಓದಿ ಹೇಳಿದಳು. ತರಗತಿ ಇನ್ನೂ ಮೂರು ವರ್ಷ ನಡೆಸಿ ಎಂದು ನಾವು ಕೇಳಿದ್ದಕ್ಕೆ ಒಂದು ವರ್ಷ ಕೊಟ್ಟಿದ್ದಾರೆ. ಪಾಠ ನಿಧಾನವಾಗಬೇಕು, ವರ್ಷದ ಕೊನೆಗೆ ಮತ್ತೆ ಮೌಲ್ಯಮಾಪನ. ಅಂದರೆ ಮತ್ತೆ ಫಾರಂ, ಮತ್ತೆ ಮನೆಮನೆಗೆ ಫೋನು. ನೆನೆಸಿಕೊಂಡೇ ಸೊಂಟ ನೋಯಿತು. ಆದರೂ ಮೂರು ಕೇಳಿ ಒಂದು ಸಿಕ್ಕಿದ್ದೇ ಅಮ್ಮನವರ ದಯೆ. ನನ್ನ ಎರಡಕ್ಕೆ ಮೇಷ್ಟ್ರು ಬೇಸರ ಮಾಡಿಕೊಳ್ಳಲಿಲ್ಲ, ಅದೂ ದಯೆಯೇ.

"ಸೋ ಇಟ್ಸ್ ಆನ್ ದಿಸ್ ಸ್ಯಾಟರ್ಡೇ?" ಎಂದಳು ಮಗಳು.

"ಹೂಂ. ಬೇಗ ಏಳಬೇಕು."

ಅವಳು ಒಳಗೆ ಹೋದಳು. ದೋಸೆಗೆ ನೆನೆಹಾಕಿದ ಉದ್ದಿನಬೇಳೆ ಆಗಲೇ ಉಬ್ಬಿತ್ತು. ಕೈ ಒರೆಸಿಕೊಂಡು ಗ್ರೈಂಡರ್‌ಗೆ ಹಾಕಿದೆ.