ಅರ್ಜಿಯಲ್ಲಿ ಬರೆಯದ ಕಾರಣ

ಶಾಲೆಯಲ್ಲಿ ಕಲಿತದ್ದಕ್ಕಿಂತ ಹೆಚ್ಚು ಭೂಗೋಳವನ್ನು ನಾನು ಸೌದಿಯ ದಮ್ಮಾಮಿನ ಕಾರ್ಮಿಕರ ಕ್ಯಾಂಪಿನಲ್ಲಿ, ಊಟಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಕಲಿತೆ. ಪಕ್ಕದ ಕೋಣೆಯ ವೆಲ್ಡರ್ ರಶೀದ್ ಖುಬ್ಸ್ ರೊಟ್ಟಿಯನ್ನು ಹರಿದು ಎರಡು ಬೆಟ್ಟ ಮಾಡಿ, ನಡುವೆ ಬೇಳೆಸಾರಿನ ಗೆರೆ ಎಳೆದು, "ಇದು ನಮ್ಮ ಕಣಿವೆ" ಎನ್ನುತ್ತಿದ್ದ. ನಾವು ಕಿಶನ್‌ಗಂಗಾ ಎನ್ನುವ ಕಾಶ್ಮೀರದ ಆ ನದಿಯನ್ನು ಅವನು ನೀಲಂ ಎನ್ನುತ್ತಿದ್ದ. ಅವನ ದಡ ಪಾಕಿಸ್ತಾನದ ಕೈಯಲ್ಲಿ, ಎದುರು ದಡ ನಮ್ಮ ಕೈಯಲ್ಲಿ. ದೇವದಾರು ಮರಗಳೂ ಮೆಕ್ಕೆಜೋಳದ ಹೊಲಗಳೂ ಎರಡೂ ಕಡೆ ಒಂದೇ. ಗಡಿಯಲ್ಲಿ ಗುಂಡು ಹಾರುತ್ತಿದ್ದ ಕಾಲದಲ್ಲಿ ಅವನ ಮನೆಯವರು ನದಿ ದಾಟಿ ಓಡಿದಾಗ, ಮದುವೆಯಾಗಿದ್ದ ಅವನ ಅಕ್ಕ ನಮ್ಮ ದಡದಲ್ಲೇ ಉಳಿದಳು.

ಮದುವೆಯಾದರೆ ಮದುಮಗಳನ್ನು, ಮಗು ಹುಟ್ಟಿದರೆ ಮಗುವನ್ನು ನದಿಯಂಚಿಗೆ ತಂದು ಎದುರು ದಡದ ನೆಂಟರಿಗೆ ತೋರಿಸುವುದು ಅಲ್ಲಿನ ರೂಢಿ. ನೀರಿನ ಅಬ್ಬರಕ್ಕೆ ಮಾತು ಕೇಳದು, ಮುಖ ಸ್ಪಷ್ಟವಾಗಿ ಕಾಣದು. ಕೆಂಪು ಶಾಲು ಬೀಸಿದವಳೇ ಅಕ್ಕ ಎಂದುಕೊಳ್ಳಬೇಕು. ದೇಶಭಕ್ತಿಯ ಭಾಷಣ ಬಿಗಿಯುವವರನ್ನು ಒಂದು ದಿನ ಅಲ್ಲಿ ನಿಲ್ಲಿಸಬೇಕೆಂದು ನನಗೆ ಸಿಟ್ಟು ಬರುತ್ತಿತ್ತು. ಕುಳಿತಲ್ಲೇ ಬರುವ ಸಿಟ್ಟು ಬಹಳ ಸುಖದ್ದು, ಗೆಳೆಯರೇ.

ಎರಡು ಸಾವಿರದ ಹದಿನಾಲ್ಕೋ ಹದಿನೈದೋ, ಅಕ್ಕ ಉಮ್ರಾ ಯಾತ್ರೆಗೆ ಹೊರಟಳು. ನದಿ ದಾಟಲಾಗದವರು ಮಕ್ಕಾದಲ್ಲಿ ಭೇಟಿಯಾಗುವುದು ಆ ಕಣಿವೆಯವರು ಕಂಡುಕೊಂಡ ದಾರಿ. ದಮ್ಮಾಮಿನಿಂದ ಮಕ್ಕಾಕ್ಕೆ ಬಸ್ಸಿನಲ್ಲಿ ಇಡೀ ದಿನ ಬೇಕು. ಶುಕ್ರವಾರದ ಒಂದು ರಜೆ ಸಾಲದು. ಟೈಮ್‌ಕೀಪರ್ ಆದ ನಾನೇ ಎಲ್ಲರ ರಜೆ ಅರ್ಜಿ ಬರೆಯುವವನು. ರಶೀದನ ಅರ್ಜಿಯಲ್ಲಿ, ಭಾರತದಿಂದ ಅಕ್ಕ ಬರುತ್ತಾಳೆ ಎಂದು ಬರೆಯಹೊರಟಾಗ ನನ್ನ ಕೋಣೆಯ ಸುಧಾಕರಣ್ಣ ತಡೆದರು.

"ಪಾಕಿಸ್ತಾನದವನ ಕಾಗದದಲ್ಲಿ ಇಂಡಿಯಾ ಎಂತಕ್ಕೆ ಮಾರಾಯ? ನಾಳೆ ಯಾರಾದ್ರೂ ಕೇಳಿದ್ರೆ ನಿನ್ನ ಇಕಾಮಾಕ್ಕೇ ಕುತ್ತು ಬರ್ತದೆ."

ಇಕಾಮಾ ಎಂದರೆ ಆ ದೇಶದಲ್ಲಿ ಇರಲು ಸಿಗುವ ಪರವಾನಗಿ. ಹೆದರಿದೆ. ಕಾರಣ ಉಮ್ರಾ ಎಂದಷ್ಟೇ ಬರೆದೆ.

"ಉಮ್ರಾ ಮುಂದಿನ ತಿಂಗಳೂ ಮಾಡಬಹುದು" ಎಂದು ಮ್ಯಾನೇಜರ್ ಅರ್ಜಿ ತಿರುಗಿಸಿದರು. ಅಕ್ಕನ ಸುದ್ದಿ ಆಗಲೂ ನನ್ನ ನಾಲಿಗೆಯ ತುದಿಯಲ್ಲಿತ್ತು, ನುಂಗಿಕೊಂಡೆ. ಅವಳು ಹತ್ತು ದಿನ ಕಾದು ಊರಿಗೆ ಮರಳಿದಳು. ಆಮೇಲೆ ಯಾರಿಂದಲೋ ವಿಷಯ ತಿಳಿದ ಮ್ಯಾನೇಜರ್ ನನ್ನನ್ನು ಕರೆದು, "ಅಕ್ಕ ಬಂದಿದ್ದಾಳೆಂದು ಒಂದು ಮಾತು ಹೇಳಬಾರದಿತ್ತೇ? ಅಂದೇ ಕಳಿಸುತ್ತಿದ್ದೆ" ಎಂದರು. ಗಡಿ ಕಾಯಲು ಪುಕ್ಕಲ ಗುಮಾಸ್ತನೊಬ್ಬನೂ ಸಾಕೆಂದು ಅಂದು ತಿಳಿಯಿತು.

ರಶೀದನಿಗೆ ಇಂಗ್ಲಿಷ್ ಓದಲು ಬಾರದು. ಅರ್ಜಿಯಲ್ಲಿ ಏನಿತ್ತೆಂದು ಅವನಿಗೆ ಇಂದಿಗೂ ಗೊತ್ತಿಲ್ಲ. ವಾರದ ಬಳಿಕ ನನ್ನ ಹೆಗಲ ಮೇಲೆ ಕೈಯಿಟ್ಟ.

"ಬೇಸರ ಮಾಡಬೇಡ ಭಾಯ್. ನನಗಾಗಿ ನೀನು ಎಷ್ಟು ಓಡಾಡಿದೆ ಅಂತ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದೆ. ಕಾಬಾದ ಎದುರು ನಿಂತು ನಿನ್ನ ಹೆಸರು ಹೇಳಿ ದುವಾ ಮಾಡಿದ್ದಾಳೆ."

ನಾನು ಶುಕ್ರಿಯಾ ಎಂದೆ.