ಕಡಲಿಗೆ ಬೆನ್ನುಮಾಡಿ ನಿಂತ ಫೂಲಮತಿದೇವಿ

೧೯೮೧ರ ನವೆಂಬರ್ ೨, ಸೋಮವಾರ. ಪರ್ತ್‌ನಲ್ಲಿ ವಸಂತ ಋತು, ನಿರ್ಮಲವಾದ ಆಕಾಶ. ಬಿಹಾರದ ದರ್ಭಂಗಾದಿಂದ ಬಂದಿದ್ದ ಫೂಲಮತಿದೇವಿ ಛಠ್ ಹಬ್ಬದ ವ್ರತದಲ್ಲಿದ್ದರು. ನೀರಿನಲ್ಲಿ ನಿಂತು ಮುಳುಗುವ ಸೂರ್ಯನಿಗೂ ಮರುದಿನ ಹುಟ್ಟುವ ಸೂರ್ಯನಿಗೂ ಅರ್ಘ್ಯ ಕೊಡುವ ತನಕ ಆಕೆ ಹನಿ ನೀರನ್ನೂ ಕುಡಿಯುವಂತಿರಲಿಲ್ಲ. ಹದಿನೇಳು ವರ್ಷ ತಪ್ಪದ ವ್ರತವದು.

ನೆರೆಮನೆಯ ಮೈಸೂರಿನ ಡಾಕ್ಟರ್ ಸಿದ್ದಲಿಂಗಯ್ಯನವರು ಆಕೆಯನ್ನು ಕಾರಿನಲ್ಲಿ ಕಡಲತೀರಕ್ಕೆ ಕರೆದೊಯ್ದರು. ಸೂರ್ಯ ನೀರಿನೊಳಗೇ ಇಳಿದ. ಸಂಜೆಗೆ ಒದಗಿದ ಜಾಗವೇ ಬೆಳಗಿಗೂ ಸರಿಯೆಂದೆಣಿಸಿ, ಮರುದಿನ ನಸುಕಿನಲ್ಲೂ ಅವರು ಅಲ್ಲಿಗೇ ಬಂದರು.

“ಏನ್ರೀ, ಪಡುವಣ ಕಡಲಲ್ಲಿ ಸೂರ್ಯ ಹುಟ್ತಾನಾ? ಮೆಡಿಕಲ್ ಕಾಲೇಜಲ್ಲಿ ದಿಕ್ಕು ಹೇಳ್ಕೊಡ್ಲಿಲ್ವಾ?” ಎಂದರು ಜೊತೆಗೆ ಬಂದಿದ್ದ ಡಾಕ್ಟರರ ಹೆಂಡತಿ ಕಮಲಾ.

ಪೂರ್ವ ಕಾಣುವ ನದಿದಂಡೆಗೆ ಹೋಗಲು ಹೊತ್ತಿರಲಿಲ್ಲ. ಫೂಲಮತಿ ಮಾತ್ರ ಸೊಂಟದವರೆಗೆ ನೀರಿಗಿಳಿದು, ಹಣ್ಣು ತುಂಬಿದ ಬಿದಿರಿನ ಮೊರವನ್ನೆತ್ತಿ, ದಂಡೆಯತ್ತ ತಿರುಗಿ ನಿಂತರು. ಅಲೆಗಳು ಬೆನ್ನಿಗೆ ಅಪ್ಪಳಿಸಿದರೂ ಕದಲಲಿಲ್ಲ. ಐದು ಗಂಟೆ ನಲವತ್ತು ನಿಮಿಷಕ್ಕೆ ಮರಳುದಿಬ್ಬದ ಮೇಲೆ ಸೂರ್ಯ ಕಾಣಿಸಿಕೊಂಡ. ಆಕೆಯ ಮುಖವೂ ಹಿಂದಿನ ಇಡೀ ಕಡಲೂ ಒಮ್ಮೆಗೇ ಹೊನ್ನಾದವು. ನಾಡಿ ನೋಡಲೆಂದು ನೀರಂಚಿಗೆ ಬಂದಿದ್ದ ಡಾಕ್ಟರರು ಬೂಟು ಕಳಚಿ ಕೈಮುಗಿದರು.

೧೯೮೨ರಿಂದ ೧೯೮೮ರವರೆಗೆ ಆಕೆ ಸಂಜೆಯ ಅರ್ಘ್ಯವನ್ನು ಕಡಲಿನಲ್ಲಿಯೂ ಬೆಳಗಿನದನ್ನು ಪೂರ್ವ ಕಾಣುವ ಕ್ಯಾನಿಂಗ್ ನದಿಯಲ್ಲಿಯೂ ಕೊಟ್ಟರು.